ಏನೂ ಇಲ್ಲದ ಫೋಟೋ

ಪರದೆಯ ಮೇಲಿನ ಹಸಿರು ಗೆರೆಯ ತುದಿಯಲ್ಲಿ ಒಂದು ನೊಣ ಕೂತಿದೆ, ಸರಿಯಾಗಿ ನಲವತ್ತನಾಲ್ಕರ ಪಕ್ಕ, ದಶಾಂಶ ಬಿಂದುವಿನ ಹಾಗೆ, ಯಾರೂ ಅದನ್ನು ಓಡಿಸುವುದಿಲ್ಲ, ಎಲ್ಲರ ಕಣ್ಣೂ ಗೆರೆಯ ಮೇಲೆ, ಹನ್ನೊಂದು ಹತ್ತು ಆಗಿದೆ, ಹನ್ನೆರಡಕ್ಕೆ ಬಾಗಿಲು ಮುಚ್ಚುತ್ತದೆ — ಬಾಗಿಲು ಎಂದರೆ ಬಾಗಿಲಲ್ಲ, ನಮ್ಮ ಆ್ಯಪ್‌ನ ಹೊಸ ಆವೃತ್ತಿಗೆ ಏನೇನು ಸೇರಬೇಕೆಂದು ಒಪ್ಪಿಗೆ ಕೊಡುವ ಪುಟ, ಎರಡು ವಾರಕ್ಕೊಮ್ಮೆ ಶುಕ್ರವಾರ ಹನ್ನೆರಡಕ್ಕೆ ತನ್ನಷ್ಟಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ, ಅಷ್ಟರೊಳಗೆ ಆಯಾ ಕೆಲಸ ಯಾರ ಹೆಸರಿನಲ್ಲಿದೆಯೋ ಅವರು ಒಪ್ಪಿಗೆ ಎಂಬ ನೀಲಿ ಗುಂಡಿ ಒತ್ತಿರಬೇಕು, ಒತ್ತದಿದ್ದರೆ ಆ ಕೆಲಸ ಮುಂದಿನ ಸಲಕ್ಕೆ, ಈ ಕೆಲಸ ನನ್ನ ಹೆಸರಿನಲ್ಲಿದೆ, ಗುಂಡಿ ನನ್ನ ಲ್ಯಾಪ್‌ಟಾಪಿನಲ್ಲಿದೆ, ಒತ್ತುವುದು ಒಂದು ಕ್ಷಣದ ಕೆಲಸ, ಅದಕ್ಕೆ ಇಷ್ಟು ಜನ, ಇಷ್ಟು ಕಾಫಿ. ಮುಖ್ಯಸ್ಥರು ಮಾತಾಡುತ್ತಿದ್ದಾರೆ, ನನಗಿಂತ ಏಳು ವರ್ಷ ಚಿಕ್ಕವರು, ಮಾತಾಡುವಾಗ ಪೆನ್ನಿನ ಮುಚ್ಚಳ ತೆಗೆಯುತ್ತಾರೆ, ಹಾಕುತ್ತಾರೆ, ಟಿಕ್ ಟಿಕ್, ನೋಡಿ ಇದು ಫೋಟೋ ಹಂಚ್ಕೊಳ್ಳೋ ಆ್ಯಪು, ಹದಿಮೂರರಿಂದ ಹದಿನೇಳು ವಯಸ್ಸಿನ ಮಕ್ಕಳು ಬರ್ತಾರೆ, ನಾಲ್ಕು ದಿನ ಇರ್ತಾರೆ, ಬೇಜಾರಾಗಿ ಹೋಗ್ತಾರೆ, ಬಂದವ್ರು ಹೋಗ್ದಂಗೆ ಹಿಡ್ಕೊಳ್ಳೋದು ಹೇಗೆ ಅಂತ ಎರಡು ವರ್ಷ ತಲೆ ಕೆಡಿಸ್ಕೊಂಡ್ವಿ, ಮೇಡಂ ಮಾಡಿ ತೋರ್ಸಿದಾರೆ. ಮೇಡಂ ನಾನು. ಎಲ್ಲರೂ ನನ್ನ ಕಡೆ ತಿರುಗಿದರು, ನಾನು ನಕ್ಕೆ, ನಗದಿದ್ದರೆ ಏನಾಯಿತೆಂದು ಕೇಳುತ್ತಾರೆ. ಕೆಳಗಿನ ಬೂದು ಗೆರೆ ಸರಪಳಿ ಇಲ್ಲದ ಮಕ್ಕಳದು, ನೂರರಲ್ಲಿ ಮೂವತ್ತೊಂದು ಮಂದಿ ತಿಂಗಳ ನಂತರವೂ ಬರುತ್ತಾರೆ, ಮೇಲಿನ ಹಸಿರು ಗೆರೆ ಸರಪಳಿ ಇರುವ ಮಕ್ಕಳದು, ನಲವತ್ತನಾಲ್ಕು, ಈ ನಡುವಿನ ಹದಿಮೂರಕ್ಕೆ ಹೋದ ವಾರ ಕೇಕ್ ಕತ್ತರಿಸಿದ್ದೇವೆ, ಮೊದಲ ತುಂಡು ನನ್ನ ಬಾಯಿಗೆ.

ಸರಪಳಿ, ಹೆಸರೂ ನನ್ನದೇ. ಇಬ್ಬರು ಸ್ನೇಹಿತರು ದಿನಕ್ಕೊಂದು ಫೋಟೋ ಒಬ್ಬರಿಗೊಬ್ಬರು ಕಳಿಸಬೇಕು, ಕಳಿಸಿದರೆ ಒಂದು ಕೊಂಡಿ, ಎಷ್ಟು ಕೊಂಡಿ ಆಯಿತೆಂದು ಹೆಸರಿನ ಪಕ್ಕ ಅಂಕಿ, ಇಬ್ಬರಲ್ಲಿ ಒಬ್ಬರು ಒಂದು ದಿನ ತಪ್ಪಿದರೂ ಸರಪಳಿ ಕಡಿದು ಇಬ್ಬರದೂ ಸೊನ್ನೆಗೆ ಬೀಳುತ್ತದೆ, ಫೋಟೋ ಕಳಿಸಿದವರ ಫೋನಿನಿಂದಲೂ ನೋಡಿದವರ ಫೋನಿನಿಂದಲೂ ಮರುದಿನ ಮಾಯ, ಅಂಕಿ ಮಾತ್ರ ಉಳಿಯುತ್ತದೆ, ಅಷ್ಟೇ, ಒಂದು ಕಾಗದದ ತುಂಡಿನ ಮೇಲೆ ಬರೆದುಬಿಡಬಹುದಾದ ಆಟ. ಹೊಳೆದದ್ದು ನಮ್ಮ ಅಡುಗೆಮನೆಯಲ್ಲಿ, ಮಗಳು ಏಳು ವರ್ಷದವಳಿದ್ದಾಗ ಓದಿಗೆ ಕೂರಿಸಲು ಫ್ರಿಜ್ಜಿನ ಬಾಗಿಲಿಗೆ ದಿನಕ್ಕೊಂದು ನಕ್ಷತ್ರ ಅಂಟಿಸುತ್ತಿದ್ದೆನಲ್ಲ, ಇಪ್ಪತ್ತು ದಾಟಿದ ಮೇಲೆ ಸಾಲು ಬಿಟ್ಟುಹೋಗಬಾರದೆಂದು ಅವಳೇ ಓಡಿಬರುತ್ತಿದ್ದಳು, ಪುಸ್ತಕ ತೆರೆದು ಮುಚ್ಚಿ, ಓದಾಯ್ತಮ್ಮ ಅಂಟ್ಸು ಅನ್ನುತ್ತಿದ್ದಳು, ಒಂದು ಪುಟವನ್ನೂ ಓದಿಲ್ಲವೆಂದು ನನಗೆ ಗೊತ್ತಿತ್ತು, ಆದರೂ ನಗುತ್ತ ಅಂಟಿಸಿದೆ, ಅವತ್ತೇ ಅಲ್ಲೇ ಎಲ್ಲ ಬರೆದಿತ್ತು, ನಾನು ಅರ್ಧ ಮಾತ್ರ ಓದಿಕೊಂಡೆ. ಈಗ ಅವಳಿಗೆ ಹದಿನಾಲ್ಕು, ಎಲ್ಲ ಮಕ್ಕಳಿಗೂ ಬಿಡುವ ಮೊದಲು ಸರಪಳಿಯನ್ನು ಪರೀಕ್ಷಿಸಲೆಂದು ಆರಿಸಿದ ಲಕ್ಷ ಮಕ್ಕಳಲ್ಲಿ ಅವಳೂ ಬಿದ್ದಳು, ನಾನು ಸೇರಿಸಲಿಲ್ಲ, ಯಂತ್ರ ಸೇರಿಸಿತು, ತರಗತಿಯ ಗೆಳತಿಯೊಬ್ಬಳ ಜೊತೆ ಸರಪಳಿ, ಹೋದ ತಿಂಗಳು ಜ್ವರ ನೂರಮೂರು ಏರಿದ ದಿನ, ಅಮ್ಮಾ ಫೋನ್ ಎಲ್ಲಿ, ಮಲಕ್ಕೊಳೇ ಸುಮ್ನೆ, ಇವತ್ತಿಂದು ಕಳ್ಸಿಲ್ಲಮ್ಮ ತೊಂಬತ್ತೆರಡಾಗಿದೆ, ಕಣ್ ಬಿಡಕ್ಕಾಗ್ತಿಲ್ಲ ನೀನೇ ಒಂದು ತೆಗ್ದು ಕಳ್ಸು, ಏನಾದ್ರೂ ಪರವಾಗಿಲ್ಲ — ನಾನು ನೆಲದ ಫೋಟೋ ತೆಗೆದು ಕಳಿಸಿದೆ, ನನ್ನ ಚಪ್ಪಲಿಯ ತುದಿಯೂ ಬಂದಿತ್ತು, ತೊಂಬತ್ತಮೂರಾಯಿತು ಅಂದೆ, ಅವಳು ನಿದ್ದೆಹೋದಳು, ಆಗ ನನಗೆ ಏನನ್ನಿಸಿತು, ಯಾರೂ ಕೇಳಿಸಿಕೊಳ್ಳುತ್ತಿಲ್ಲವಾದ್ದರಿಂದ ಹೇಳಬಹುದು, ಹೆಮ್ಮೆ ಅನ್ನಿಸಿತು, ಎಂಥ ಗಟ್ಟಿ ಸಾಮಾನು ಮಾಡಿದ್ದೇನೆ ನೋಡು, ಜ್ವರಕ್ಕೂ ಜಗ್ಗುವುದಿಲ್ಲ, ಒದ್ದೆ ಬಟ್ಟೆಯನ್ನು ಅವಳ ಹಣೆಯ ಮೇಲೆ ತಿರುವಿ ಹಾಕುತ್ತ ಹಾಗೆ ಅಂದುಕೊಂಡವಳು ಅವಳ ತಾಯಿ.

ನೊಣ ಹಾರಿತು, ಮತ್ತೆ ಬಂದು ಬೂದು ಗೆರೆಯ ಮೇಲೆ ಕೂತಿತು. ಈ ಸೋಮವಾರ ಒಬ್ಬ ಹುಡುಗಿ ಬಾರದಿದ್ದರೆ ಈ ಹೊತ್ತಿಗೆ ಗುಂಡಿ ಒತ್ತಿ ಊಟಕ್ಕೆ ಇಳಿದಿರುತ್ತಿದ್ದೆ. ಪ್ರತಿ ತಿಂಗಳು ಆ್ಯಪ್ ಬಿಟ್ಟುಹೋದ ಎಂಟು ಮಕ್ಕಳನ್ನು ಕರೆಸಿ ಯಾಕೆ ಬಿಟ್ಟಿರೆಂದು ಕೇಳುತ್ತೇವೆ, ಎರಡನೇ ಮಹಡಿಯ ಮೂಲೆಯ ಕೋಣೆ, ಮಕ್ಕಳಿಗೆ ಆಫೀಸು ಅನ್ನಿಸಬಾರದೆಂದು ಹಳದಿ ಸೋಫಾ, ಬಿಸ್ಕತ್ತು, ಗೋಡೆಯ ಮೇಲೆ ಜಿರಾಫೆ, ಅವಳು ಐದನೆಯವಳು, ಹದಿನೈದು ವರ್ಷ, ಅಪ್ಪ ಹೊರಗೆ ಕೂತಿದ್ದರು, ಇವಳು ಸ್ವೆಟರಿನ ತೋಳನ್ನು ಬೆರಳ ಮೇಲೆ ಎಳೆದುಕೊಂಡು ಅಂಚನ್ನು ಕಚ್ಚುತ್ತಿದ್ದಳು. ಯಾಕೆ ಬಿಟ್ಟೆ ಪುಟ್ಟಾ ಅಂದೆ. ಸುಮ್ನೆ ಆಂಟಿ ಅಂದಳು. ಸುಮ್ನೆ ಎನ್ನುವುದಕ್ಕೆ ನಮ್ಮ ಪಟ್ಟಿಯಲ್ಲಿ ಬೇರೆಯೇ ಒಂದು ಅಂಕಣ ಇದೆ, ಅತಿ ಹೆಚ್ಚು ತುಂಬುವ ಅಂಕಣ ಅದೇ, ಗುರುತು ಹಾಕಿ ಆರನೆಯವರನ್ನು ಕರೆಯಬಹುದಿತ್ತು, ಆದರೆ ಅವಳ ಸರಪಳಿ ಇನ್ನೂರ ಹದಿನಾಲ್ಕು ದಿನದ್ದು, ಪರೀಕ್ಷೆ ಶುರುವಾದ ಮೊದಲ ವಾರದಿಂದ ಒಂದು ದಿನವೂ ತಪ್ಪಿಲ್ಲ, ಇನ್ನೂರ ಹದಿನಾಲ್ಕಾದ ಮೇಲೆ ಯಾರೂ ಸುಮ್ಮನೆ ಬಿಡುವುದಿಲ್ಲ, ಅದಕ್ಕೇ ನೀರಿನ ಲೋಟ ಅವಳ ಮುಂದೆ ಸರಿಸಿದೆ. ಎರಡು ಗುಟುಕು ಕುಡಿದು ಅವಳೇ, ಅಜ್ಜಿ ತೀರ್ಕೊಂಡ್ರು ಆಂಟಿ, ಅಪ್ಪನ ಅಮ್ಮ, ಹತ್ತೊಂಬತ್ತು ದಿನ ಆಸ್ಪತ್ರೇಲಿದ್ರು, ಬೆಳಿಗ್ಗೆ ಹೊತ್ತು ನಾನೇ ಕೂತಿರ್ತಿದ್ದೆ, ಪರೀಕ್ಷೆ ರಜ ಇತ್ತು, ಅಲ್ಲಿ ಫೋಟೋ ತೆಗೆಯೋಕೆ ಏನಿರತ್ತೆ, ಕುರ್ಚಿಗೊರಗಿ ಫೋನ್ ಮೇಲೆತ್ತಿ ಚಾವಣಿದು ಒಂದು ತೆಗ್ದು ಕಳ್ಸಿಬಿಡ್ತಿದ್ದೆ, ಫ್ರೆಂಡೂ ಅಷ್ಟೇ ಬರೀ ಅವಳ ಬ್ಯಾಗ್ ಕಳಿಸ್ತಿದ್ಲು, ಇಪ್ಪತ್ತನೇ ದಿನ ತೀರ್ಕೊಂಡ್ರು, ಅವತ್ತು ಕಳ್ಸೋಕಾಗ್ಲಿಲ್ಲ, ಮನೆ ತುಂಬ ಜನ, ಅಪ್ಪ ಅಳ್ತಿದ್ರು, ಅತ್ತೆ ಅಳ್ತಿದ್ರು, ಆಗ ನಿಮ್ಮ ಮೆಸೇಜ್ ಬಂತು, ನಿಮ್ಮ ಸರಪಳಿ ಕಡಿಯಲು ಎರಡೇ ಗಂಟೆ ಬಾಕಿ, ಅದರ ಪಕ್ಕ ಒಂದು ಅಳೋ ಮುಖ, ಎಲ್ಲಾರೂ ಅಳ್ತಿದ್ರು ಆಂಟಿ, ಅದೂ ಅಳ್ತಿತ್ತು — ಅಂದು ಸ್ವಲ್ಪ ನಕ್ಕಳು, ನಾನೂ ನಗಬೇಕೇನೋ ಎಂಬಂತೆ ನನ್ನ ಮುಖ ನೋಡಿದಳು.

ಆ ವಾಕ್ಯ ನನ್ನದು. ಏಳು ಬಗೆ ಬರೆದು ಪರೀಕ್ಷಿಸಿದ್ದೆವು, ಸ್ನೇಹಿತೆ ಕಾಯುತ್ತಿದ್ದಾಳೆ ಎಂಬುದು ಒಂದು, ಇಂದು ಮರೆತಿರಾ ಎಂಬುದು ಒಂದು, ಎಲ್ಲಕ್ಕಿಂತ ಹೆಚ್ಚು ಮಕ್ಕಳು ಒತ್ತಿದ್ದು ಎರಡು ಗಂಟೆ ಮತ್ತು ಅಳುವ ಮುಖ, ಗೆದ್ದದ್ದನ್ನು ಇಟ್ಟುಕೊಂಡೆವು, ಉಳಿದ ಆರು ಎಲ್ಲಿ ಹೋದವೋ. ಕಡಿದದ್ದಕ್ಕೆ ಬೇಜಾರಾಯ್ತಾ ಅಂದೆ, ಇಲ್ಲ ಆಂಟಿ, ನೆಮ್ಮದಿಯಾಯ್ತು, ಅದಕ್ಕೇ ಅಕೌಂಟೇ ಮುಚ್ಚಿಬಿಟ್ಟೆ, ಆಮೇಲೆ — ಆಮೇಲೆ ಸ್ವೆಟರಿನ ಅಂಚು ಬಿಟ್ಟಳು — ಆಮೇಲೆ ಅಪ್ಪ ಅಜ್ಜಿದು ಈಚಿನ ಫೋಟೋ ಯಾವುದಾದ್ರೂ ಇದ್ಯೇನೇ ನಿನ್ ಹತ್ರ ಅಂದ್ರು, ನೋಡಿದ್ರೆ ಒಂದೂ ಇಲ್ಲ, ಹತ್ತೊಂಬತ್ತು ದಿನ ಅದೇ ರೂಮಲ್ಲಿ ಕ್ಯಾಮೆರಾ ತೆಗ್ದಿದೀನಿ, ಒಂದ್ಸಲಾನೂ ಆ ಕಡೆ ತಿರುಗ್ಸಿಲ್ಲ, ಆ ಚಾವಣಿ ಫೋಟೋಗಳಲ್ಲಿ ಎಲ್ಲಾದ್ರೂ ಮೂಲೇಲಿ ಅಜ್ಜಿ ಬಂದಿರ್ಬೋದೇನೋ, ನಿಮ್ಮ ಹತ್ರ ಅವು ಇರತ್ತಾ ಆಂಟಿ? ನಾನು ಕೇಳುವವಳು, ಅವಳು ಉತ್ತರಿಸುವವಳು, ಅದು ಆ ಕೋಣೆಯ ನಿಯಮ, ಅವಳು ಕೇಳಿದಳು. ನೋಡ್ತೀನಿ ಅಂದೆ. ಅಪ್ಪ ಒಳಗೆ ಬಂದು ಮಗಳ ಬೆನ್ನ ಮೇಲೆ ಕೈ ಇಟ್ಟು, ತೊಂದ್ರೆ ಆಗೋದಾದ್ರೆ ಬೇಡ ಮೇಡಂ, ಅವಳು ಸುಮ್ನೆ ಹಚ್ಕೊಂಡಿದಾಳೆ ಅಂದರು, ಬಿಸ್ಕತ್ತಿನ ತಟ್ಟೆ ಮುಟ್ಟದೆ ಹಾಗೇ ಇತ್ತು.

ಉಗ್ರಾಣಿಯ ಮೇಜಿನ ಹತ್ತಿರ ಹೋದೆ. ಅವನ ಹುದ್ದೆಗೆ ಉದ್ದದೊಂದು ಹೆಸರಿದೆ, ಕೋಟಿಗಟ್ಟಲೆ ಫೋಟೋ ಬಿದ್ದಿರುವ ಉಗ್ರಾಣ ಕಾಯುವವನಾದ್ದರಿಂದ ನಾವೆಲ್ಲ ಉಗ್ರಾಣಿ ಅನ್ನುತ್ತೇವೆ, ಅವನೂ ಹಾಗೇ ಓಗೊಡುತ್ತಾನೆ. ಮುಚ್ಚಿದ ಅಕೌಂಟ್ ಮೂವತ್ತು ದಿನ ಇರ್ತದೆ ಮೇಡಂ, ಆಮೇಲೆ ತಾನೇ ಅಳಿಸ್ಕೊಳ್ತದೆ, ನಾನ್ ಬೇಡ ಅಂದ್ರೂ ಕೇಳಲ್ಲ, ಇವಳದು ಇವತ್ತಿಗೆ ಇಪ್ಪತ್ತಾರು, ಶುಕ್ರವಾರದವರೆಗೂ ಟೈಮಿದೆ, ಆದರೆ ನೀವ್ ಕೇಳಿದ್ರಿ ಅಂತ ತೆಗೆಯೋಕಾಗಲ್ಲ, ಅವಳ ಅರ್ಜಿ ಬೇಕು, ಅಪ್ಪನ ಸಹಿ ಬೇಕು. ಬುಧವಾರ ಎರಡೂ ಬಂತು, ಅಂದಿನಿಂದ ಅವನು ಮೂಟೆ ಬಿಚ್ಚುತ್ತಿದ್ದಾನೆ, ಹಳೇ ಫೋಟೋನೆಲ್ಲ ಜಾಗ ಉಳಿಸೋಕೆ ಮೂಟೆ ಕಟ್ಟಿರ್ತೀವಿ ಮೇಡಂ, ಒಂದು ಬೇಕಂದ್ರೂ ಪೂರ್ತಿ ಬಿಚ್ಬೇಕು. ಬಿಚ್ಚುವುದನ್ನು ನೋಡುತ್ತ ನಿಂತವಳು ಕೇಳಿದೆ, ಸರಪಳಿಗೆಂದು ಕಳಿಸುವ ಫೋಟೋಗಳಲ್ಲಿ ಏನಿರುತ್ತದೆ? ಯಾರೂ ಕೇಳಿರಲಿಲ್ಲ. ಎಷ್ಟು ಎಂದು ಎಣಿಸಿದ್ದೆವು, ಏನು ಎಂದು ನೋಡಿರಲಿಲ್ಲ. ಅವನ ಹತ್ತಿರ ಒಂದು ಪ್ರೋಗ್ರಾಂ ಇದೆ, ಫೋಟೋಗಳನ್ನು ಮನುಷ್ಯರು ನೋಡದೆಯೇ ಗುಂಪು ಮಾಡುತ್ತದೆ, ಮುಖ, ಮರ, ನಾಯಿ, ಊಟ, ಬರಹ, ಯಾವ ಗುಂಪಿಗೂ ಸೇರದಿದ್ದರೆ ಏನೂ ಇಲ್ಲ, ಅದೂ ಒಂದು ಗುಂಪು, ಸರಪಳಿಯ ಮೊದಲ ವಾರ ನೂರರಲ್ಲಿ ಎಂಟು ಏನೂ ಇಲ್ಲ, ಐವತ್ತನೇ ದಿನ ಮೂವತ್ತು, ನೂರು ದಾಟಿದ ಮೇಲೆ ಅರವತ್ತಮೂರು, ಉಗ್ರಾಣಿ ಅವನ್ನು ಪುಟ್ಟ ಪುಟ್ಟ ಚೌಕಗಳಾಗಿ ಪರದೆಗೆ ತಂದ, ಯಾರೆಂದು ತಿಳಿಯದ ಹಾಗೆ ಹೆಸರು ತೆಗೆದು, ನೆಲ, ಗೋಡೆ, ಕತ್ತಲು, ಜೇಬಿನ ಒಳಗು, ಫ್ಯಾನು, ಹೊದಿಕೆ, ಬಸ್ಸಿನ ಸೀಟಿನ ಬೆನ್ನು, ಮತ್ತೆ ನೆಲ, ಅಬ್ಬಾ ಒಂದು ಲಕ್ಷ ಮಕ್ಕಳು ಸೇರಿ ಮನೆ ಬಾಡಿಗೆಗೆ ನೋಡ್ತಿರೋ ಹಾಗಿದೆ ಮೇಡಂ ಅಂದ ಅವನು, ನಗು ಬಂತು, ಆಮೇಲೆ ಒಂದು ಚೌಕದಲ್ಲಿ ಚಪ್ಪಲಿಯ ತುದಿ ಕಂಡಿತು, ನನ್ನದಲ್ಲ, ಬೇರೆ ಯಾರದೋ, ಬೇರೆ ಯಾರೋ ತಾಯಿಯದೋ, ನಗು ನಿಂತಿತು.

ಮೇಡಂ, ನಿಮ್ಮ ಮಾತು ಎರಡು. ಮುಖ್ಯಸ್ಥರು ಕರೆಯುತ್ತಿದ್ದಾರೆ, ಹನ್ನೊಂದು ಮೂವತ್ತೈದು, ನಾನು ಎದ್ದು ಮುಂದೆ ಹೋದೆ, ನೊಣ ಹಾರಿಹೋಯಿತು, ನನ್ನ ಪಟ್ಟಿಯನ್ನು ಪರದೆಗೆ ಹಾಕಿದೆ, ಎಂಟು ಮೂವತ್ತು ಅರವತ್ತಮೂರು, ಚೌಕಗಳನ್ನು ತೋರಿಸಿದೆ, ನನ್ನ ಧ್ವನಿ ಎಂದಿನ ಹಾಗೇ ಇತ್ತು, ಆಶ್ಚರ್ಯ, ಹೇಳಿದೆ, ಮಕ್ಕಳು ಬರ್ತಿದಾರೆ ನಿಜ, ಆದರೆ ಫೋಟೋ ಹಂಚ್ಕೊಳ್ಳೋಕೆ ಬರ್ತಿಲ್ಲ, ಅಂಕಿ ಕಾಯೋಕೆ ಬರ್ತಿದಾರೆ, ನೂರು ದಿನದ ಮೇಲೆ ಯಾರೂ ಏನನ್ನೂ ನೋಡ್ತಿಲ್ಲ ತೋರಿಸ್ತಿಲ್ಲ, ಎರಡು ಬದಲಾವಣೆ ಬೇಕು, ಸರಪಳಿಗೆ ವಿರಾಮ ಕೊಡೋಕೆ ಬರ್ಬೇಕು, ಕಾಯಿಲೆ, ಸಾವು, ಪರೀಕ್ಷೆ, ಏನೋ ಒಂದು, ಕಡೀದೆ ನಿಲ್ಬೇಕು, ಎರಡು ಗಂಟೆಯ ಮೆಸೇಜು ಅಳೋ ಮುಖ ಎರಡೂ ತೆಗೀಬೇಕು. ಟಿಕ್ ಟಿಕ್. ವಿರಾಮ ಕೊಟ್ರೆ ಎಷ್ಟಕ್ಕೆ ಇಳಿಯತ್ತೆ? ಮೂವತ್ತೇಳಕ್ಕೆ, ಶುರುವಲ್ಲೇ ಒಂದು ಸಣ್ಣ ಗುಂಪಿಗೆ ಕೊಟ್ಟು ನೋಡಿದ್ವಿ. ಏಳು ಬಿಟ್ಕೊಡಿ ಅಂತೀರಾ. ಹೌದು. ಮುಖ್ಯಸ್ಥರು ಕೆಟ್ಟವರಲ್ಲ, ನನ್ನ ಮಗಳ ಜ್ವರಕ್ಕೆ ಎರಡು ದಿನ ರಜೆ ಕೇಳಿದಾಗ ನಾಲ್ಕು ತಗೊಳ್ಳಿ ಅಂದವರು, ಈಗಲೂ ಮೆತ್ತಗೇ ಹೇಳಿದರು, ಮೇಡಂ, ಏನೂ ಇಲ್ಲದ ಫೋಟೋ ತೆಗೆಯೋಕೂ ಆ್ಯಪ್ ತೆಗೀಲೇಬೇಕಲ್ಲ, ತೆಗೆದವ್ರು ನಾಲ್ಕು ಕಡೆ ನೋಡ್ತಾರೆ, ಇರ್ತಾರೆ, ನಾವ್ ಹಿಡ್ಕೊಳ್ದಿದ್ರೆ ಇನ್ನೊಬ್ರು ಹಿಡ್ಕೊಳ್ತಾರೆ, ಅವ್ರು ನಮ್ಮಷ್ಟು ಯೋಚ್ನೆನೂ ಮಾಡಲ್ಲ, ಈಗ ಹೀಗೇ ಬಿಡೋಣ, ವಿರಾಮ ಎಲ್ಲ ಆರು ತಿಂಗಳಾದ್ಮೇಲೆ ನೋಡೋಣ, ಹನ್ನೊಂದು ನಲವತ್ತೆರಡಾಯ್ತು ಒತ್ತಿಬಿಡಿ. ಮೇಜಿನ ಆಚೆ ಯಾರೋ ಬಾಟಲಿಯ ಮುಚ್ಚಳ ತಿರುಗಿಸಿದರು, ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ, ಹೋದ ವರ್ಷ ಇದೇ ಮಾತನ್ನು ಇದೇ ಕೋಣೆಯಲ್ಲಿ ನಾನೇ ಆಡಿದ್ದೆ, ನಾವ್ ಹಿಡ್ಕೊಳ್ದಿದ್ರೆ ಇನ್ನೊಬ್ರು, ಅಕ್ಷರಕ್ಕೆ ಅಕ್ಷರ ಇದೇ. ಬಂದು ಕೂತೆ. ಲ್ಯಾಪ್‌ಟಾಪು ತೆರೆದೆ. ನೀಲಿ ಗುಂಡಿ. ಒತ್ತಬಹುದು, ಒತ್ತಿ ಆರು ತಿಂಗಳು ವಿರಾಮಕ್ಕೆ ಗುದ್ದಾಡಬಹುದು, ಒಳಗಿದ್ದರೆ ತಾನೇ ಗುದ್ದಾಟ, ಹಾಗೆಂದುಕೊಂಡು ಎಷ್ಟು ಗುಂಡಿ ಒತ್ತಿದ್ದೇನೆ ಇದುವರೆಗೆ, ಬೆರಳು ಇಟ್ಟೆ, ಆಗ ಫೋನು ಮೇಜಿನ ಮೇಲೆ ಗುಂಯ್ ಅಂದಿತು.

ಉಗ್ರಾಣಿಯ ಸಂದೇಶ, ಹತ್ತೊಂಬತ್ತೂ ಸಿಕ್ತು ಮೇಡಂ, ಹದಿನೆಂಟು ಬರೀ ಚಾವಣಿ, ಹದಿನಾರನೇ ದಿನದ್ದು ಒಂದು ನೋಡಿ, ಇದೇನಾ ಅವಳು ಕೇಳಿದ್ದು ಹೇಳಿ. ತೆರೆದೆ. ಬಿಳಿಯ ಚಾವಣಿ, ಒಂದು ಟ್ಯೂಬ್‌ಲೈಟು, ಪರದೆ ತೂಗುವ ಕಂಬಿ, ಮತ್ತೆ ಕೆಳಗೆ ಎಡ ಮೂಲೆಯಲ್ಲಿ ಒಂದು ಕೈ. ಮಣಿಕಟ್ಟಿನಿಂದ ಮೇಲಕ್ಕೆ, ಕಾಗದದಂಥ ಚರ್ಮ, ಸೂಜಿಯ ಮೇಲೆ ಅಂಟಿಸಿದ ಬಿಳಿ ಪಟ್ಟಿ, ನಾಲ್ಕು ಬೆರಳು ಸ್ವಲ್ಪ ಬಾಗಿವೆ, ಹೆಬ್ಬೆರಳು ಚೌಕದ ಆಚೆ, ತುದಿಗಳು ಮಸುಕು, ಅಂದರೆ ಕೈ ಆ ಕ್ಷಣ ಚಲಿಸುತ್ತಿತ್ತು, ಮೇಲಕ್ಕೆ ಬರುತ್ತಿತ್ತು. ಕೆಳಗೆ ಪ್ರೋಗ್ರಾಂ ಹಚ್ಚಿದ ಚೀಟಿ, ಏನೂ ಇಲ್ಲ, ಶೇಕಡಾ ತೊಂಬತ್ತೊಂದು ಖಚಿತ. ಬೇಡ ಎನ್ನುತ್ತಿದ್ದರೇ, ಬಾ ಎನ್ನುತ್ತಿದ್ದರೇ, ನೀರು ಕೇಳಿದ್ದರೇ, ಮೊಮ್ಮಗಳು ಫೋನು ಇಳಿಸಿ ನೋಡುವಷ್ಟರಲ್ಲಿ ಕೈ ಕೆಳಗೆ ಬಿದ್ದಿರಬೇಕು, ಅವಳು ಏನಜ್ಜಿ ಅಂದಿದ್ದಳೋ ಇಲ್ಲವೋ, ಕೊಂಡಿ ಒಂದು ಕೂಡಿತು, ಇನ್ನೂರ ಹತ್ತೋ ಇನ್ನೂರ ಹನ್ನೊಂದೋ ಆಗಿರಬೇಕು, ನಮ್ಮ ಹಸಿರು ಗೆರೆ ಕೂದಲೆಳೆಯಷ್ಟು ಮೇಲೆ ಹೋಯಿತು, ಅದಕ್ಕೆ ಕೇಕ್ ತಿಂದೆ. ಗುಂಡಿಯ ಮೇಲಿಂದ ಬೆರಳು ತೆಗೆದದ್ದು ಯಾವಾಗ ಎಂದು ಗೊತ್ತಾಗಲಿಲ್ಲ. ಮೇಡಂ ಆಯ್ತಾ, ಇಲ್ಲ. ಹನ್ನೊಂದು ಐವತ್ತು. ಏನಾದ್ರೂ ತಾಂತ್ರಿಕ ತೊಂದ್ರೆನಾ, ಇಲ್ಲ, ನಾನು ಒತ್ತಲ್ಲ. ಪೆನ್ನಿನ ಟಿಕ್ ಟಿಕ್ ನಿಂತಿತು. ನಿಮ್ಮ ಹೆಸರು ತೆಗ್ದು ನಂದು ಹಾಕೋಣ ಅಂದ್ರೆ ಪುಟ ಬಿಡಲ್ಲ, ಒಡೆತನ ಬದಲಾಯ್ಸೋಕೆ ಒಂದು ದಿನ ಬೇಕು ಅಂತ ನಿಮಗ್ಗೊತ್ತಿದೆ ಅಲ್ವಾ, ಗೊತ್ತಿದೆ, ಆ ನಿಯಮ ಬರೆದವರಲ್ಲಿ ನಾನೂ ಒಬ್ಬಳು. ಇದರಿಂದ ಏನಾಗತ್ತೆ ಮೇಡಂ, ಬರೀ ಎರಡು ವಾರ, ಅಷ್ಟೇ, ಮುಂದಿನ ಸಲ ನಾನೇ ಒತ್ತೀನಿ, ಸರಪಳಿ ಎಲ್ಲಾ ಮಕ್ಕಳಿಗೂ ಹೋಗೇ ಹೋಗತ್ತೆ. ಹೌದು, ಎರಡು ವಾರ. ಅವರು ನನ್ನನ್ನು ನೋಡಿದರು, ಸಿಟ್ಟಿಗಿಂತ ಹೆಚ್ಚಾಗಿ ಒಂದು ಬೇಸರ, ಪರಿಚಿತರ ಮನೆಗೆ ಹೋಗಿ ಬಾಗಿಲು ತಟ್ಟಿ ಬೇರೆ ಯಾರೋ ತೆರೆದ ಹಾಗೆ, ಮಿಕ್ಕವರು ಗೋಡೆಯ ಗಡಿಯಾರ ನೋಡಿದರು, ಹತ್ತು ನಿಮಿಷ ಹತ್ತು ಜನ ಏನೂ ಮಾಡದೆ ಕೂತಿದ್ದೆವು, ಈ ಕೋಣೆಯಲ್ಲಿ ಹಾಗೆ ಎಂದೂ ಕೂತಿರಲಿಲ್ಲ, ಹನ್ನೆರಡಕ್ಕೆ ಗುಂಡಿ ನೀಲಿಯಿಂದ ಬೂದು ಬಣ್ಣಕ್ಕೆ ತಿರುಗಿತು, ಸದ್ದೇನೂ ಆಗಲಿಲ್ಲ. ಸೋಮವಾರ ಮಾತಾಡೋಣ ಅಂದು ಮುಖ್ಯಸ್ಥರು ಎದ್ದರು, ಬಾಗಿಲ ಹತ್ತಿರ ನಿಂತು, ಯಾವ ಟೀಮಿಗೆ ಹೋಗ್ತೀರಿ ಅಂತ ಯೋಚ್ನೆ ಮಾಡಿಟ್ಕೊಳ್ಳಿ ಅಂದರು, ಅದನ್ನೂ ಮೆತ್ತಗೇ ಅಂದರು. ಅತ್ತ ಎರಡು ವಾರ, ಇತ್ತ ಒಂಬತ್ತು ವರ್ಷದ ಕೆಲಸ, ತೂಗಲು ಹೋಗಲಿಲ್ಲ, ಹಸಿವಾಗಿತ್ತು, ಕೆಳಗೆ ಹೋಗಿ ಉಂಡೆ, ರುಚಿಯೂ ಗೊತ್ತಾಯಿತು.

ಮೂರು ಗಂಟೆಗೆ ಅಪ್ಪ ಮಗಳು ಬಂದರು, ಅದೇ ಜಿರಾಫೆಯ ಕೋಣೆ, ಅಪ್ಪನ ಕೈಯಲ್ಲಿ ಸಹಿ ಮಾಡಿದ ಅರ್ಜಿಯ ಪ್ರತಿ, ಯಾರಾದರೂ ಕೇಳಿದರೆ ಇರಲಿ ಎಂದು, ನಾನು ಪೆನ್‌ಡ್ರೈವ್ ಕೊಟ್ಟೆ, ಹತ್ತೊಂಬತ್ತೂ ಇದರಲ್ಲಿವೆ, ಒಂದನ್ನ ಮಾತ್ರ ಕಾಗದದ ಮೇಲೆ ತೆಗೆಸಿದೀನಿ, ಮುಖ ಬಂದಿಲ್ಲ ಪುಟ್ಟಾ, ಮೊದಲೇ ಹೇಳಿಬಿಡ್ತೀನಿ. ಕವರಿನಿಂದ ಅವಳೇ ತೆಗೆದಳು, ನೋಡಿದಳು, ಬರೀ ಚಾವಣಿನೇ ಅಂದಳು, ಆಮೇಲೆ ಬೆರಳಿಟ್ಟು, ಇದು ಕೈಯಾ, ಅಜ್ಜಿ ಕೈಯಾ, ಅಪ್ಪಾ ನೋಡು ಸೂಜಿ ಇದೆ, ನಂಗೆ ಗೊತ್ತೇ ಆಗ್ಲಿಲ್ಲ, ನಾನು ಮೇಲೆ ನೋಡ್ತಿದ್ದೆ, ಏನೋ ಬೇಕಾಗಿತ್ತೇನೋ, ನೀರು ಕೇಳಿದ್ರೇನೋ ಅಪ್ಪಾ, ಕರೆದ್ರೇನೋ — ನನ್ನ ಪ್ರಶ್ನೆಗಳೇ ಅವಳ ಬಾಯಲ್ಲಿ, ಒಂದರ ಹಿಂದೊಂದು, ಧ್ವನಿ ಮೇಲೇರುತ್ತ. ಅಪ್ಪ ಫೋಟೋ ತಗೊಂಡು ಕನ್ನಡಕ ಹಣೆಗೇರಿಸಿ ಹತ್ತಿರ ಹಿಡಿದರು, ಬಹಳ ಹೊತ್ತು, ಆಮೇಲೆ, ಇಲ್ಲ ಕಣೇ, ನೀರಲ್ಲ, ಕರೆದಿದ್ದೂ ಅಲ್ಲ. ಮತ್ತೇನಪ್ಪಾ? ಅಮ್ಮ ಕೂದಲು ಸರಿಮಾಡ್ಕೋತಿದಾಳೆ, ಕ್ಯಾಮೆರಾ ಕಂಡ್ರೆ ಸಾಕು ಮೊದಲು ಕೈ ಹಿಂಗೇ ಹೋಗೋದು, ನಮ್ಮ ಮನೇಲಿರೋ ಅರ್ಧ ಫೋಟೋಲಿ ಅಮ್ಮನ ಕೈ ಹಿಂಗೇ ಇದೆ, ತಾಳೋ ತಾಳೋ ಈಗ್ಲೇ ಒತ್ಬೇಡ ಅನ್ನೋಳು, ಅಂದು ನಕ್ಕರು, ನಗುತ್ತಿರುವಾಗಲೇ ಮುಖ ಆ ಕಡೆ ತಿರುಗಿಸಿದರು. ಹುಡುಗಿ ನಗಲಿಲ್ಲ. ಸ್ವೆಟರಿನ ತೋಳು ಬಾಯಿಗೆ ಹೋಗಲಿಲ್ಲ. ನಾನು ಅವ್ರ ಫೋಟೋ ತೆಗೀತಿದೀನಿ ಅಂದ್ಕೊಂಡ್ರಾ ಅಜ್ಜಿ, ಅಂದಳು, ಅಪ್ಪನನ್ನಲ್ಲ, ನನ್ನನ್ನು ನೋಡಿ. ಕುರ್ಚಿ ಸರಿದ ಸದ್ದು, ಥ್ಯಾಂಕ್ಸ್ ಮೇಡಂ ಬರ್ತೀವಿ, ಲಿಫ್ಟಿನವರೆಗೆ ಹೋಗಿ ಬಿಟ್ಟು ಬಂದೆ, ಅವಳು ಫೋಟೋವನ್ನು ಕವರಿಗೆ ಹಾಕದೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು, ಈಗ ಕೋಣೆಯಲ್ಲಿ ನಾನೊಬ್ಬಳೇ, ಸಂಜೆಯೊಳಗೆ ಕೆಲಸ ಒಪ್ಪಿಸುವ ಟಿಪ್ಪಣಿ ಬರೆಯಬೇಕು, ಮಗಳಿಗೆ ಫೋನು ಮಾಡಬೇಕು, ಏನು ಹೇಳುವುದು ಅವಳಿಗೆ, ಕಡಿದುಬಿಡು ಅಂದರೆ ಯಾಕಮ್ಮ ಅನ್ನುತ್ತಾಳೆ, ಸುಮ್ನೆ ಅನ್ನಲೇ, ಮಂಚದ ಪಕ್ಕದ ಕುರ್ಚಿಯಲ್ಲಿ ಮೊಮ್ಮಗಳು ಫೋನು ಮೇಲೆತ್ತಿದ್ದನ್ನು ಆ ಅಜ್ಜಿ ಕಂಡಿದ್ದಾರೆ, ಹದಿನೈದು ದಿನ ಮಲಗಿದ ತಲೆ, ದಿಂಬಿಗೆ ಒತ್ತಿ ಚದುರಿದ ಕೂದಲು, ತಾಳು ಅನ್ನಲು ಧ್ವನಿ ಬಂದಿರಲಿಕ್ಕಿಲ್ಲ, ಟಿಪ್ಪಣಿಯಲ್ಲಿ ಮೊದಲು ಏನು ಬರೆಯಲಿ, ಕೈ ಎತ್ತಿದ್ದಾರೆ, ಮೊದಲು ವಿರಾಮದ ವಿಷಯ, ಕೈ ಎತ್ತಿದ್ದಾರೆ, ಸೂಜಿ ಚುಚ್ಚಿದ ಕೈಯನ್ನೇ, ಬಿಳಿ ಪಟ್ಟಿ, ನಾಲ್ಕು ಬೆರಳು, ಕೂದಲಿನ ಕಡೆಗೆ, ಇನ್ನೂ ತಲುಪಿಲ್ಲ